ಮದುವೆ ಕುದುರೆಯ ಮೇಲೆ ನಾನು

ಕುದುರೆ ಸವಾರಿ ಒಮ್ಮೆ ಕಲಿತರೆ ಮರೆಯುವ ವಿದ್ಯೆಯಲ್ಲ. ಮದುವೆಯಾದಾಗಿನಿಂದ ಇದನ್ನೇ ನನ್ನ ಹೆಂಡತಿ ಗಿರಿಜೆಗೆ ಹೇಳುತ್ತ ಬಂದಿದ್ದೇನೆ. ರಾಯದುರ್ಗದ ಕಡೆ ಕುರಿ ಮೇಯಿಸಿಕೊಂಡು ಊರೂರು ತಿರುಗುತ್ತಿದ್ದ ನಮ್ಮಜ್ಜನಿಗೆ ಸಾಮಾನು ಹೊರಲು ಒಂದು ಕುದುರೆಯಿತ್ತು. ಹುಡುಗನಾಗಿದ್ದಾಗ ನಾನು ಅದನ್ನು ಓಡಿಸುತ್ತಿದ್ದೆ. ಸತ್ಯ! ಆದರೆ ಮಡಕಶಿರಾ ಕಡೆಯ ಈ ಹೆಣ್ಣುಮಗಳು ನಂಬಬೇಕಲ್ಲ?

"ನಿಮ್ಮಜ್ಜ ಗಂಟುಮೂಟೆ ಜೊತೆ ನಿಮ್ಮನ್ನೂ ಹೇರಿರ್ತಾರೆ ಬಿಡ್ರಿ" ಎನ್ನುತ್ತಾಳೆ. ಅದೂ ತನ್ನ ತಮ್ಮನ ಎದುರಿಗೆ! ಅವನು ಕಿಸಕ್ಕನೆ ನಗುತ್ತಾನೆ. ಮಾವನ ಮನೆಯಲ್ಲಿ ಅಳಿಯನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲವೆಂದರೆ ಯಾರಿಗೆ ತಾನೆ ಉರಿಯುವುದಿಲ್ಲ?

ಹೋದ ಬೇಸಿಗೆಯಲ್ಲಿ ಹೇಮಾವತಿ ಎಂಬ ಊರಿನ ಹತ್ತಿರದ ಅವಳ ತವರಿಗೆ ಹೊರಟಿದ್ದೆವು. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಯಿತು. ಸುಡುಬಿಸಿಲು. ಒಂದು ಆಟೋ ಇಲ್ಲ. ಅಷ್ಟರಲ್ಲಿ ಬಾಬುಸಾಬ ಎಂಬಾತ ಬಿಳಿ ಕುದುರೆ ಹಿಡಿದುಕೊಂಡು ಬಂದ. ಮಡಕಶಿರಾದಲ್ಲಿ ಮದುವೆ ಮೆರವಣಿಗೆ ಮುಗಿಸಿ ನಮ್ಮ ದಾರಿಯಲ್ಲೇ ಊರಿಗೆ ಹೊರಟಿದ್ದನಂತೆ. ಕುದುರೆಯ ಹಣೆಯಲ್ಲಿ ಕುಚ್ಚು, ಕಾಲಲ್ಲಿ ಗೆಜ್ಜೆ ಹಾಗೇ ಇದ್ದವು.

"ಹತ್ತಲೇನಪ್ಪಾ? ನನಗ ಸವಾರಿ ಗೊತ್ತೈತಿ" ಎಂದೆ.

"ಹತ್ತಿ ಸಾರ್" ಎಂದ.

ಬಿಸಿಲಿಗೆಂದು ಟವೆಲನ್ನು ರುಮಾಲಿನಂತೆ ಸುತ್ತಿಕೊಂಡು, ಕಲ್ಲಿನ ಮೇಲೆ ನಿಂತು ಹತ್ತಿಯೇಬಿಟ್ಟೆ. ಎಂಥ ಗತ್ತು! ಬ್ಯಾಗನ್ನೂ ಮೇಲೆ ಕೊಡು ಎಂದರೆ ಗಿರಿಜೆ ಕೊಡಲಿಲ್ಲ. ಕುದುರೆಗೆ ಒಂದು ಮೂಟೆ ಸಾಕಂತೆ!

ದಾರಿಯಲ್ಲೊಂದು ಹಳ್ಳಿ. ಮೊದಲ ಮನೆಯ ಬಾಗಿಲು ಬಂದದ್ದೇ ತಡ, ಕುದುರೆ ನಿಂತಿತು. "ಚಲ್" ಎಂದೆ. ಕದಲಲಿಲ್ಲ. ಅಜ್ಜನ ಕುದುರೆಗೆ ಮಾಡುತ್ತಿದ್ದ ಹಾಗೆ ಹಿಮ್ಮಡಿಯಿಂದ ತಿವಿದೆ. ಅಯ್ಯೋ, ಕುಣಿಯತೊಡಗಿತು! ಗೆಜ್ಜೆಯ ಸದ್ದಿಗೆ ಹೆಂಗಸರು ಹೊರಗೆ ಬಂದರು. ಕುದುರೆ ಏರಿದ ಮದುಮಗ ಬಾಗಿಲಿಗೆ ಬಂದರೆ ಬರಿದೇ ಕಳಿಸುವುದುಂಟೇ? ಕುದುರೆಯ ಕಾಲಿಗೆ ನೀರು ಹಾಕಿದರು, ನನ್ನ ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿದರು, ಕುದುರೆಯ ಬಾಯಿಗೆ ಬೆಲ್ಲ ಕೊಟ್ಟರು. ಕುದುರೆ ಹೊರಟಿತು. ಪಕ್ಕದ ಮನೆಯ ಮುಂದೆ ಮತ್ತೆ ನಿಂತಿತು!

"ಮದುವೆ ಕುದುರೆ ಸಾರ್. ಬೆಲ್ಲ ಕೊಡೋ ತನಕ ಹೆಜ್ಜೆ ಎತ್ತಲ್ಲ" ಎಂದ ಬಾಬುಸಾಬ.

"ಮೊದಲೇ ಯಾಕ ಹೇಳಲಿಲ್ಲೋ ಮಾರಾಯಾ?"

"ಸವಾರಿ ಗೊತ್ತು ಅಂದ್ರಲ್ಲ ಸಾರ್!"

ಇಳಿಯೋಣವೆಂದರೆ ತೊಡೆಗಳು ಮರಗಟ್ಟಿದ್ದವು. ಹೀಗೆ ಆ ಬೀದಿಯ ಒಂದು ಮನೆಯನ್ನೂ ಬಿಡದೆ ಆರತಿ ಎತ್ತಿಸಿಕೊಂಡೆ. ಕೊನೆಯ ಮನೆಯ ಅಜ್ಜಿ ನನ್ನ ನರೆತ ಮೀಸೆ ನೋಡಿದಳು.

"ಇದೇನಪ್ಪಾ, ಈ ವಯಸ್ಸಲ್ಲಿ ಮದ್ವೆ? ಹಿಂದೆ ಬ್ಯಾಗು ಹೊತ್ಕಂಡು ಬತ್ತಿರೋಳು ಯಾರು?"

"ಮೊದ್ಲ ಹೆಂಡ್ತಿ ಕಣಜ್ಜಿ" ಎಂದಳು ಗಿರಿಜೆ.

ಸುಳ್ಳಲ್ಲ ನಿಜ! ಆದರೆ ಹೇಳುವ ಹೊತ್ತೇ ಅದು?

"ಥೂ, ನಿನ್ ಮೊಕಕ್ಕೆ ಬೆಂಕಿ ಹಾಕ!" ಎಂದು ಅಜ್ಜಿ ಶುರು ಮಾಡಿದಳು. ಬೈಗುಳ ನನಗೆ, ಬೆಲ್ಲ ಕುದುರೆಗೆ! ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಅಜ್ಜಿಗೆ ಇನ್ನಷ್ಟು ಸಿಟ್ಟು ಬಂತು.

ಆ ಬೀದಿಯಲ್ಲಿ ಯಾರೋ ಗಿರಿಜೆಯ ಗುರುತು ಹಿಡಿದಿರಬೇಕು, ನಾವು ಮಾವನ ಮನೆ ಮುಟ್ಟುವ ಮೊದಲೇ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಏನ್ ಅಳಿಯಂದ್ರೆ, ನನ್ ಮಗಳು ಸಾಲ್ದಾದ್ಲಾ?"

"ಅತ್ತೀ, ಮೊದಲು ಕುದುರೆಗೆ ಬೆಲ್ಲ ಕೊಡ್ರಿ. ಆಮ್ಯಾಲೆ ಬೈಯಿರಿ!" ಎಂದು ಗೋಗರೆದೆ.

ಗಿರಿಜೆ ನಗುತ್ತ ಎಲ್ಲವನ್ನೂ ಹೇಳಿದಳು. ಅತ್ತೆ ಬೆಲ್ಲ ತಂದರು. ನನ್ನ ಕಾಲು ಮಾತ್ರ ಅಲುಗಲಿಲ್ಲ. ಕೊನೆಗೆ ಬಾಮೈದ ಒಂದು ರಟ್ಟೆ, ಬಾಬುಸಾಬ ಇನ್ನೊಂದು ರಟ್ಟೆ ಹಿಡಿದು, "ಐಸಾ!" ಎಂದು ನನ್ನನ್ನು ಇಳಿಸಿ ಜಗಲಿಗೆ ಒರಗಿಸಿದರು.

ಗಿರಿಜೆ ಬ್ಯಾಗನ್ನು ತಂದು ನನ್ನ ಪಕ್ಕದಲ್ಲೇ ಇಟ್ಟಳು. ಬ್ಯಾಗನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಈಗ ನಂಬ್ದೆ ಕಣ್ರಿ. ನಿಮ್ಮಜ್ಜನೂ ಹಿಂಗೇ ಇಳಿಸ್ತಿದ್ರಾ?"