ಜಾಕ್ ಮೇಲೆ ತೆಗೆದ ಅಳತೆ

ತಪ್ಪಾದದ್ದು ಅಳತೆಯಲ್ಲಿ. ಅದೂ ಯಾರಿಂದ? ಇಪ್ಪತ್ತಾರು ವರ್ಷ ಮಕ್ಕಳಿಗೆ ಅಳತೆ ಕಲಿಸಿದ ಗಣಿತದ ಮೇಷ್ಟ್ರಿಂದ!

ಮೇಷ್ಟ್ರ ಹತ್ತಿರ ಮಾವನ ಕಾಲದ ಒಂದು ಕೆಂಪು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ನೆಲಕ್ಕಂಟಿದಷ್ಟು ತಗ್ಗು. ಅದರ ಹಿಂದಿನ ಆಕ್ಸಲ್ ಎರಡು ಸಲ ಮುರಿದ ಮೇಲೆ, ಹದಿನಾಲ್ಕು ತಿಂಗಳ ಭಾನುವಾರಗಳನ್ನೆಲ್ಲ ಸುರಿದು, ಹಳೆಯದಕ್ಕಿಂತ ಎರಡು ಬೆರಳು ಅಗಲವಾದ ಗಟ್ಟಿ ಆಕ್ಸಲನ್ನು ತಾವೇ ಕೂರಿಸಿದ್ದರು. ಅದಕ್ಕೆ ತಕ್ಕ ದಪ್ಪ ಚಕ್ರಗಳೂ ಬಂದಿದ್ದವು. ಈ ದಿನ ಹತ್ತು ಗಂಟೆಗೆ ಹಳೇ ಕಾರುಗಳ ಮೆರವಣಿಗೆ. ನಾನು ಕಾರು ಓಡಿಸುವುದನ್ನು ನೋಡಲು ಬನ್ನಿ ಎಂದು ಮೇಷ್ಟ್ರು ಇಡೀ ಶಾಲೆಗೆ ಡಂಗುರ ಸಾರಿದ್ದರು.

ಒಂಬತ್ತಕ್ಕೆ ಜಾಕ್ ಇಳಿಸಿ, ಎದೆ ಉಬ್ಬಿಸಿ ಸ್ಟಿಯರಿಂಗ್ ಹಿಡಿದರು. ಕಾರು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಕರ್‌ರ್ ಎಂಬ ಸದ್ದು. ಟೈರು ಮಡ್‌ಗಾರ್ಡಿಗೆ ಉಜ್ಜಿ ಹೊಗೆ ಎದ್ದಿತ್ತು.

ಹೊಗೆ ಕಂಡ ಮೇಲೆ ನೆರೆಹೊರೆಗೆ ಬೇರೆ ಆಹ್ವಾನ ಬೇಕೇ? ಎದುರುಮನೆ ಟೈಲರ್ ಕೊರಳಲ್ಲಿ ಟೇಪಿನ ಸಮೇತ ಓಡಿಬಂದ.

“ಅಳತೆ ಹೇಗೆ ತಗೊಂಡ್ರಿ ಮೇಷ್ಟ್ರೇ?”

“ಕಾರನ್ನ ಜಾಕ್ ಮೇಲಿಟ್ಟು ತಗೊಂಡೆ. ಚಕ್ರ ಆರಾಮಾಗಿ ತಿರುಗ್ತಿತ್ತಲ್ಲ!”

“ಅಯ್ಯೋ, ಜಾಕ್ ಮೇಲಿದ್ರೆ ಚಕ್ರ ಕೆಳಗೆ ಜೋತಾಡತ್ತೆ. ನೆಲಕ್ಕಿಳಿದ್ರೆ ಮಡ್‌ಗಾರ್ಡ್ ಬಂದು ಅದರ ಮೇಲೆ ಕೂರಲ್ವಾ? ನಾನು ಒಂದು ಪ್ಯಾಂಟ್ ಹೊಲಿದ್ರೂ ಗಿರಾಕೀನ ಕೂರಿಸಿ ನೋಡ್ತೀನಿ!”

ಮೇಷ್ಟ್ರ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಕೈಯಲ್ಲಿ ಮರದ ದೊಣ್ಣೆ ಹಿಡಿದು ಹಾಜರಾದ.

“ಸರೀರಿ ಆಚೆ. ಮಡ್‌ಗಾರ್ಡಿನ ಒಳಗಿನ ಅಂಚು ಮಡಚಿಬಿಡ್ತೀನಿ.”

“ನಿಧಾನ ಮಾರಾಯ, ಪೇಂಟು!”

ಕಾರು ತಳ್ಳಿದಂತೆ ದೊಣ್ಣೆ ಟೈರಿಗೂ ಅಂಚಿಗೂ ನಡುವೆ ಉರುಳಿದಷ್ಟು ಹೊತ್ತೂ ಮೇಷ್ಟ್ರ ಜೀವ ಬಾಯಿಗೆ ಬಂದಿತ್ತು. ಆಮೇಲೆ ಹತ್ತಿ ಕೂತರು. ಕರ್‌ರ್! ಭಾರ ಕಡಿಮೆ ಮಾಡಿ ಎಂದ ಡ್ರೈವರ್. ಸ್ಟೆಪ್ನಿ ಇಳಿಯಿತು, ಟೂಲ್ ಪೆಟ್ಟಿಗೆ ಇಳಿಯಿತು, ಪಕ್ಕದ ಸೀಟನ್ನೇ ಬಿಚ್ಚಿದ್ದಾಯಿತು. ಮತ್ತೆ ಕರ್‌ರ್!

“ಇನ್ನೇನಪ್ಪಾ ತೆಗೆಯೋದು?”

ಡ್ರೈವರ್ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇನ್ನು ನೀವೇ ಇಳೀಬೇಕು.”

ಡ್ರೈವರ್ ಕೂರೋಣವೆಂದರೆ ಅವನ ಹೊಟ್ಟೆ ಮೇಷ್ಟ್ರದ್ದಕ್ಕಿಂತ ಒಂದು ಸುತ್ತು ಹೆಚ್ಚು. ಟೈಲರ್‌ಗೆ ಹೊಲಿಗೆ ಯಂತ್ರ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲ. ಆಗ ಮೇಷ್ಟ್ರ ಹೆಂಡತಿ ಹೊರಗೆ ಬಂದರು. ಆಸ್ಪತ್ರೆಯ ವ್ಯಾನ್ ಓಡಿಸುವವರು, ಕಡ್ಡಿಯಂಥ ಮೈ. ಸ್ಟಿಯರಿಂಗ್ ಹಿಡಿದು ಕೂತು ಗೇಟು ದಾಟಿಸಿದರು. ಸದ್ದೇ ಇಲ್ಲ!

“ಹತ್ತಾಗ್ತಾ ಬಂತು. ಹೋಗ್ಲಾ, ಬೇಡ್ವಾ?”

ಮೇಷ್ಟ್ರು ಬಾನೆಟ್ ಒರೆಸಿ ಪಕ್ಕಕ್ಕೆ ಸರಿದರು. “ಹೋಗು... ಗುಂಡಿ ನೋಡ್ಕೊಂಡು ಹೋಗೇ.”

ಮೆರವಣಿಗೆಯಲ್ಲಿ ಕೆಂಪು ಕಾರು ಬಂದಾಗ ರಸ್ತೆ ಬದಿಯಲ್ಲಿದ್ದ ಮೇಷ್ಟ್ರ ಕಣ್ಣು ತುಂಬಿತು. “ಆ ಆಕ್ಸಲ್ ಕೂರಿಸಿದ್ದು ನಾನು ಕಣ್ರೋ!” ಎಂದು ಕೂಗಿದರು. ಮಕ್ಕಳೆಲ್ಲ ಕಾರಿನತ್ತ ಕೈಬೀಸಿ, “ಮೇಡಂ ಸೂಪರ್!” ಎಂದು ಕೂಗಿದರು.

ಸಂಜೆ ಹೆಂಡತಿ ಮೊಣಕೈಯುದ್ದದ ಕಪ್ ಹಿಡಿದು ಬಂದರು. “ರೀ, ಮೊದಲ ಬಹುಮಾನ! ಟೈರಿಗೂ ಮಡ್‌ಗಾರ್ಡಿಗೂ ಒಂದೇ ಒಂದು ಕಾಗದದಷ್ಟು ಸಂದು, ಇಷ್ಟು ಕರಾರುವಾಕ್ಕಾದ ಅಳತೆ ನಾವು ಎಲ್ಲೂ ನೋಡಿಲ್ಲ ಅಂದ್ರು ತೀರ್ಪುಗಾರರು. ಹಿಂದಿನ ಚಕ್ರ ನೋಡಿಯೇ ಕೊಟ್ಟಿದ್ದು!”

ಮೇಷ್ಟ್ರು ಕುಣಿಯುವುದೊಂದು ಬಾಕಿ. “ನೋಡಿದ್ಯಾ! ಈ ಭಾನುವಾರ ಸಣ್ಣ ಚಕ್ರ ಹಾಕ್ತೀನಿ. ಸೀಟು ಕೂರಿಸ್ತೀನಿ. ಇಬ್ಬರೂ ಜೋಡೀಲಿ ಸುತ್ತಾಡೋಣ.”

“ಅಯ್ಯಯ್ಯೋ, ಮುಟ್ಟೀರಾ! ಮುಂದಿನ ವರ್ಷ ಮೆರವಣಿಗೆಗೆ ನಮ್ಮ ಕಾರೇ ಮುಂದೆ. ಅಲ್ಲೀವರೆಗೆ ಒಂದು ನಟ್ಟೂ ಕದಲಿಸೋ ಹಾಗಿಲ್ಲ ಅಂತ ಮೆರವಣಿಗೆಯವರು ಬರೆಸ್ಕೊಂಡಿದ್ದಾರೆ. ಸಹಿ ಹಾಕಿ ಬಂದೆ.”

“ಹಾಗಾದ್ರೆ ನಾನು?”

“ಇಪ್ಪತ್ತು ಕಿಲೋ ಇಳಿಸಿ, ನೋಡೋಣ.”

ಮರುದಿನದಿಂದ ಆ ಕಾರು ಬೆಳಗ್ಗೆ ಆಸ್ಪತ್ರೆಯ ಕಡೆ ಹೊರಡುತ್ತದೆ. ಮೇಷ್ಟ್ರು ಕಂಕುಳಲ್ಲಿ ಕಪ್ ಇಟ್ಟುಕೊಂಡು, ತಲೆಯೆತ್ತಿ, ಶಾಲೆಗೆ ನಡೆದು ಹೋಗುತ್ತಾರೆ.