ಕಾಟಿ ಎದ್ದು ಹೋಗುವ ಕೀರ್ತನೆ

ಆ ಭಾನುವಾರವೂ ಎಂದಿನಂತೆಯೇ ಇತ್ತು. ನಮ್ಮವರು ಅರ್ಧ ಲೋಟ ಚಹಾ ಉಳಿಸಿ, ಮಂಜಿನೊಳಗೆ ಕೀರ್ತನೆ ಹೇಳಿಕೊಂಡು ಮೇಲಿನ ಚರ್ಚಿಗೆ ಹೊರಟರು. ಕಟ್ಟಬೆಟ್ಟಿನ ಈ ಗುಡ್ಡದಲ್ಲಿ ಕಾಲುದಾರಿ ಹಿಡಿದವರು ಸದ್ದು ಮಾಡಿಕೊಂಡೇ ನಡೆಯಬೇಕು. ಚಹಾ ಗಿಡಗಳ ನಡುವೆ ಮಲಗಿದ ಕಾಟಿ, ಅಂದರೆ ಕಾಡುಕೋಣ, ಸದ್ದು ಕೇಳಿದರೆ ಎದ್ದು ಸರಿಯುತ್ತದೆ, ಬೆಚ್ಚಿದರೆ ಹಾಯುತ್ತದೆ. ಕೆಲವರು ಕೆಮ್ಮುತ್ತಾರೆ. ಉಪದೇಶಿಗಳಾದ ನಮ್ಮವರು ಹಾಡುತ್ತಿದ್ದರು. ಮೊದಲ ಚರಣ ನಮ್ಮ ಬೇಲಿಯಿಂದ, ಎರಡನೆಯದು ತಿರುವಿನವರೆಗೆ, ಮೂರನೆಯದು ಅದರಾಚೆ. ಅಂದು ಎರಡನೆಯ ಚರಣದಲ್ಲಿ ಹಾಡು ನಿಂತಿತು. ಹೃದಯ ನಿಂತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಹೊಸ ಉಪದೇಶಿಗಳು ಬಂದರು. ಕಾಲುದಾರಿಯೆಂದರೆ ಅವರಿಗೆ ಭಯ. ಮೇಲಿನ ಚರ್ಚಿಗೆ ಬೀಗ ಹಾಕೋಣ, ಎಲ್ಲರೂ ಕೆಳಗಿನ ರಸ್ತೆಯ ಚರ್ಚಿಗೇ ಬರಲಿ ಎಂದರು. ಜೊತೆಗೇ, "ಟೀಚರಮ್ಮ, ಉಪದೇಶಿಗಳ ಕೂಟದಲ್ಲಿ ನಾನು ದೇವರಿಗೆ ವಿಧೇಯರಾಗಿರುವ ಬಗ್ಗೆ ಮಾತಾಡಬೇಕು. ನಿಮ್ಮವರ ಅನುಭವ ಏನಾದರೂ ಹೇಳಿ" ಎಂದರು.

ನಾನು ವಾದಿಸಲಿಲ್ಲ. ಈ ದಾರಿಯಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಮೊದಲು ಮೈ ಜುಮ್ಮೆನ್ನುತ್ತದೆ, ನಗು ಆಮೇಲೆ. ಎರಡು ಸಂಗತಿ ಹೇಳಿದೆ.

ಕರೆ

ಎಲೆ ಕೊಯ್ಯಲು ಹೊಸದಾಗಿ ಬಂದ ಹೆಂಗಸೊಬ್ಬಳಿಗೆ ಮಂಜಿನಲ್ಲಿ ಕೀರ್ತನೆ ಕೇಳಿಸಿತು. ಮನುಷ್ಯರಿಲ್ಲ, ದನಿ ಮಾತ್ರ ಹತ್ತಿರ ಬರುತ್ತಿದೆ. ಆಕೆ ಮೊಣಕಾಲೂರಿ, "ಸ್ವಾಮಿ, ಕರೀತಿದ್ದೀರಾ? ಮಕ್ಕಳು ಇನ್ನೂ ಚಿಕ್ಕವು" ಎಂದಳು.

ಹಾಡು ನಿಂತಿತು. "ಬಾ ತಾಯಿ, ಬೇಗ ಬಾ" ಎಂದಿತು ಮಂಜು.

"ಈಗಲೇನಾ ಸ್ವಾಮಿ?"

"ಈಗಲೇ. ನಿನ್ನ ಹಿಂದೆ ಕಾಟಿ ನಿಂತಿದೆ."

"ಕರೆದ ಕೂಡಲೇ ಅಷ್ಟು ಬೇಗ ಬಂದವರನ್ನು ನನ್ನ ಸೇವೆಯಲ್ಲೇ ಕಂಡಿಲ್ಲ" ಎಂದರು ನಮ್ಮವರು, ಮನೆಗೆ ಬಂದು.

ಕೊನೆಯ ಬೆಂಚು

ಒಂದು ಮಳೆಯ ಭಾನುವಾರ ಯಾರೂ ಬರಲಿಲ್ಲ. ನಮ್ಮವರು ಗಂಟೆ ಹೊಡೆದು ಪ್ರಸಂಗ ಶುರುಮಾಡಿದರು. ಹೇಳು ಎಂದಿದ್ದಾನೆ ದೇವರು, ತಲೆ ಎಣಿಸು ಎಂದಿಲ್ಲ ಎನ್ನುವುದು ಅವರ ಲೆಕ್ಕ. ಸ್ವಲ್ಪ ಹೊತ್ತಿಗೆ ಕೊನೆಯ ಬೆಂಚಿನ ಕತ್ತಲಲ್ಲಿ, ಕರಿ ಕಂಬಳಿ ಹೊದ್ದು ತಲೆ ತಗ್ಗಿಸಿ ಯಾರೋ ಕೂತಿರುವುದು ಕಂಡಿತು. ಪಶ್ಚಾತ್ತಾಪದ ಮಾತು ಬಂದಾಗ ಅಲ್ಲಿಂದ ದೀರ್ಘ ಉಸಿರು ಕೇಳಿಸಿತು. ಕೊನೆಗೆ ತಲೆ ಎತ್ತಿದರೆ ಮೂತಿಯೆಲ್ಲ ಎಣ್ಣೆ. ಕರೆಂಟ್ ಹೋದಾಗ ಹಚ್ಚುವ ದೀಪದ ಕೊಬ್ಬರಿ ಎಣ್ಣೆ ಕುಡಿಯಲು ಕರಡಿ ಬಂದಿತ್ತು.

ನಮ್ಮವರು ಆಶೀರ್ವಾದ ಪೂರ್ತಿ ಹೇಳಿ, ಹಿಂದುಹಿಂದಕ್ಕೆ ನಡೆದು ಪಕ್ಕದ ಬಾಗಿಲಿನಿಂದ ಹೊರಬಂದರು.

"ಅಲ್ಲ, ಮಧ್ಯದಲ್ಲೇ ಓಡಿಬರಬಾರದಿತ್ತಾ?" ಎಂದು ಕೇಳಿದೆ.

"ಕರಡಿಯೇ ಮಧ್ಯದಲ್ಲಿ ಎದ್ದು ಹೋಗಲಿಲ್ಲವಲ್ಲ" ಎಂದರು.

ಮೂರನೆಯ ಚರಣ

ಹೊಸ ಉಪದೇಶಿಗಳು ನಕ್ಕರು. ಆದರೂ ಮುಂದಿನ ಭಾನುವಾರ ಬೀಗ ಹಿಡಿದೇ ಬಂದರು. ಇಬ್ಬರೂ ನಮ್ಮ ಮನೆಯಂಗಳದಲ್ಲಿ ನಿಂತಿದ್ದಾಗ ಮಂಜಿನೊಳಗಿಂದ ಕೀರ್ತನೆ ಬಂತು. ಮೊದಲ ಸಾಲಿನ ಕೊನೆಯನ್ನು ನಮ್ಮವರು ತಪ್ಪಾಗಿ ಎಳೆಯುತ್ತಿದ್ದರು. ಅದೇ ತಪ್ಪು.

ಉಪದೇಶಿಗಳ ಕೈಯಿಂದ ಬೀಗ ಜಾರಿತು. "ಟೀಚರಮ್ಮ, ಅವರನ್ನು ಮಣ್ಣು ಮಾಡಿದ್ದೀರಲ್ಲ?"

"ಮಾಡಿದ್ದೀವಿ" ಎಂದೆ.

ನಾನು ಹೊರಟೆ. ಒಬ್ಬರೇ ನಿಲ್ಲಲು ಹೆದರಿ ಅವರೂ ಹಿಂದೆ ಬಂದರು. ತಿರುವಿನಲ್ಲಿ ಎಲೆಯ ಮೂಟೆ ಹೊತ್ತು, ಹಣೆ ತುಂಬ ವಿಭೂತಿ ಬಳಿದು, ಪಕ್ಕದ ತೋಟದ, ಬಡಗ ಜನಾಂಗದ ಅಜ್ಜ ನಿಂತಿದ್ದರು.

"ನೀವಾ ಅಜ್ಜ?"

"ಏನು ಮಾಡೋದಮ್ಮ? ಮೊಬೈಲಲ್ಲಿ ಸಿನಿಮಾ ಪಾಟು ಹಾಕಿದೆ, ಕಾಟಿ ಕಿವಿ ಕೂಡ ಆಡಿಸಲಿಲ್ಲ. ಬೈದೆ, ಮೆಲುಕು ಹಾಕ್ತಾ ಕೂತಿತು. ಅಯ್ಯನ ಪಾಟು ಎತ್ತಿದೆ, ಎದ್ದು ಹೋಯ್ತು. ಅದಕ್ಕೆ ಅದೇ ಅಭ್ಯಾಸ."

ಆಮೇಲೆ ಉಪದೇಶಿಗಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ ಹೊಸ ಅಯ್ಯ? ಕಾಟಿಗೆ ಗೊತ್ತಿರೋ ಪಾಟು ನಿನಗೆ ಬಾರದಾ? ನನ್ನ ಹಿಂದೆ ಬಾ. ನಡುವಲ್ಲಿ ನಿಲ್ಲಿಸಬೇಡ. ಅಯ್ಯ ನನಗೆ ಹೇಳಿಕೊಟ್ಟಿದ್ದೂ ಹಾಗೇ."

ಈಗ ಪ್ರತಿ ಭಾನುವಾರ ವಿಭೂತಿಯ ಅಜ್ಜ ಮುಂದೆ ನಡೆದು ಕೀರ್ತನೆ ಎತ್ತಿಕೊಡುತ್ತಾರೆ. ಉಪದೇಶಿಗಳು ಬೈಬಲನ್ನು ಎದೆಗವಚಿಕೊಂಡು ಹಿಂದೆ ಹಾಡುತ್ತ ಹೋಗುತ್ತಾರೆ. ಚರ್ಚಿನ ಬಾಗಿಲಲ್ಲಿ ಅಜ್ಜ, "ಒಳಗಿಂದು ನಿನ್ನ ಪಾಡು" ಎಂದು ಫ್ಯಾಕ್ಟರಿಗೆ ಎಲೆ ಹಾಕಲು ಹೊರಟುಬಿಡುತ್ತಾರೆ. ನಾನು ಬೇಲಿಯ ಬಳಿ ನಿಂತಿದ್ದು, ಹಾಡು ಮುಗಿದ ಮೇಲೆ ಚರ್ಚಿಗೆ ಹೊರಡುತ್ತೇನೆ.

ಮೂರನೆಯ ಚರಣ ತಿರುವಿನಾಚೆ ಮುಗಿಯುತ್ತದೆ.