ಜೀಪಿನ ಕೊಂಡಿಗೆ ಕುಲಾವಿ

ನನ್ನ ಜೀಪಿಗೆ ಬಾಲ ಬೇಡವೆಂದದ್ದೇ ತಪ್ಪಾಯಿತು ನೋಡಿ. ಟ್ರೇಲರ್ ಎಳೆಯಲು ಹಿಂದೊಂದು ಕೊಂಡಿ ಬೇಕಿತ್ತು, ನಿಜ. ಹಾಗೆಂದು ಅದು ಸದಾ ಚಾಚಿಕೊಂಡೇ ಇರಬೇಕೆ? ಗಂಗಾವತಿಯ ಇಬ್ರಾಹಿಂಸಾಬರ ಅಂಗಡಿಯಲ್ಲಿ ಎರಡು ಬಗೆ ಇದ್ದವು: ಬೆಸುಗೆ ಹಾಕಿ ಕಾಯಂ ಕೂರಿಸುವುದು, ಪಿನ್ನು ಎಳೆದರೆ ಕೈಗೆ ಬರುವುದು.

“ಕಾಯಂ ಕುಂದರಸ್ರಿ ಸಾಬ್ರ,” ಎಂದಳು ಹೇಮಾವತಿ. (ನನ್ನ ಧರ್ಮಪತ್ನಿ, ಮನೆಯ ಸರ್ವೋಚ್ಚ ನ್ಯಾಯಾಲಯ.) “ಬಿಚ್ಚೋದು ಕೊಟ್ರ ಇವರು ಎಲ್ಲೆರ ಇಟ್ಟು ಮರೀತಾರ.”

“ನಾ ಏನ ಸಣ್ಣ ಕೂಸಾ?” ಎಂದು ಬಿಚ್ಚುವುದನ್ನೇ ಆರಿಸಿದೆ.

ಅಬ್ಬಾ, ಏನು ರೂಪ! ಗೇಣುದ್ದದ ಕಬ್ಬಿಣ, ತುದಿಗೆ ಮಿರಿಮಿರಿ ಗುಂಡು ತಲೆ. ಕಳ್ಳರ ಭಯಕ್ಕೆ ದಿನಾ ಸಂಜೆ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಹೊಸ ಹೊಸ ಜಾಗದಲ್ಲಿ ಬಚ್ಚಿಡುತ್ತಿದ್ದೆ. ಒಮ್ಮೆ ಜೋಳದ ಡಬ್ಬಿ, ಒಮ್ಮೆ ಬಚ್ಚಲ ಹಂಡೆಯ ಹಿಂದೆ.

ಹೀಗಿರಲು ಮಂಗಳೂರಿನಲ್ಲಿ (ಸಮುದ್ರದ್ದಲ್ಲ, ನಮ್ಮ ಯಲಬುರ್ಗಾ ಕಡೆಯದು) ಹೇಮಾವತಿಯ ತಮ್ಮ ದುರಗೇಶನ ಮಗಳಿಗೆ ತೊಟ್ಟಿಲ ಕಾರ್ಯ ಬಂತು. ಸೋದರತ್ತೆಯಾದ ಇವಳೇ ತೊಟ್ಟಿಲು ಒಯ್ಯಬೇಕು, ಗುಂಡುಕಲ್ಲೂ (ಹೆಂಗಸರ ಬಾಯಲ್ಲಿ ‘ಗುಂಡಪ್ಪ’) ಒಯ್ಯಬೇಕು. ಕೂಸಿಗಿಂತ ಮೊದಲು ಆ ಕಲ್ಲಿಗೆ ಕುಲಾವಿ, ಅಂದರೆ ಕೂಸಿನ ಟೋಪಿ, ತೊಡಿಸಿ ತೂಗುವುದು ನಮ್ಮ ಪದ್ಧತಿ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಬಹಳ ವರ್ಷ ಕಾದು ಪಡೆದ ಕೂಸು. ಒಂದೂ ಕೊರತೆಯಾಗಬಾರದೆಂದು ಹೇಮಾವತಿ ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ.

ಹೊರಡುವ ಬೆಳಿಗ್ಗೆ ಟ್ರೇಲರ್ ಇದೆ, ತೊಟ್ಟಿಲು ಇದೆ, ಕೊಂಡಿ ಇಲ್ಲ! ಡಬ್ಬಿ ಸುರುವಿದೆ, ಹಂಡೆ ಸರಿಸಿದೆ.

“ನಾ ಅವತ್ತ ಹೇಳಿದ್ದಿಲ್ಲೇನ್ರಿ? ಹೊತ್ತಾತು, ಅಲ್ಲೆ ಎಲ್ಲಾರೂ ದಾರಿ ನೋಡಾಕತ್ತಿರ್ತಾರ!”

“ಒದರಬ್ಯಾಡ, ನೆನಪು ಹಾರಿ ಹೋಗತೈತಿ!”

“ಇದ್ದರ ಹಾರಬೇಕಲ್ರಿ!”

ಕೊನೆಗೆ ತೊಟ್ಟಿಲು ನೆರೆಮನೆಯ ಹುಲಿಗೆಪ್ಪನ ಟಂಟಂ ಆಟೊ ಏರಿತು. ಅದರ ಹೊಗೆ ಕುಡಿಯುತ್ತ ಹಿಂದೆ ನನ್ನ ಜೀಪು.

ಮಂಗಳೂರಿನಲ್ಲಿ ಹೆಂಗಸರೆಲ್ಲ ಕೂಡಿದ್ದರು. ನಮ್ಮ ಅತ್ತೆ ಪಾರ್ವತೆಮ್ಮ ಕೇಳಿದರು: “ಹೇಮಾ, ಗುಂಡಪ್ಪ ಎಲ್ಲದಾನವಾ?”

ಹೇಮಾವತಿಯ ಮುಖ ಬಿಳಿಚಿತು. ಕೊಂಡಿ ಹುಡುಕುವ ಗಡಿಬಿಡಿಯಲ್ಲಿ ಕಲ್ಲು ನಮ್ಮ ಮನೆ ಕಟ್ಟೆಯ ಮೇಲೇ ಉಳಿದಿತ್ತು. ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಅತ್ತೆ ತೊಟ್ಟಿಲಿನ ಕೌದಿ ಎತ್ತಿದರು. “ಅಯ್ಯ, ಇಲ್ಲೇ ಮಲಗ್ಯಾನಲ್ಲ! ಟವೆಲ್ ಬ್ಯಾರೆ ಸುತ್ತೀದಿ!”

ಆಗ ನನಗೆ ನೆನಪಾಯಿತು. ತೊಟ್ಟಿಲಲ್ಲಿ ಯಾವ ಕಳ್ಳ ಹುಡುಕುತ್ತಾನೆ ಎಂದು ಹಿಂದಿನ ಸಂಜೆ ನಾನೇ ಕೊಂಡಿಯನ್ನು ಅಲ್ಲಿ ಮಲಗಿಸಿದ್ದೆ!

“ಇರ್ಲಿ ಬಿಡ್ರಿ, ಕಲ್ಲಿಗಿಂತ ಕಬ್ಬಿಣ ಗಟ್ಟಿ,” ಎಂದರು ಅತ್ತೆ ಟವೆಲು ಬಿಚ್ಚಿ ನೋಡಿ. ಗುಂಡು ತಲೆಗೆ ಕುಲಾವಿ ಹೊಲಿಸಿದಂತೆ ಕೂತಿತು. ನನ್ನ ಕೊಂಡಿಯನ್ನು ಹೆಂಗಸರು ತೊಟ್ಟಿಲ ಕೆಳಗಿನಿಂದ, ಮೇಲಿನಿಂದ ದಾಟಿಸಿ, ತೂಗಿ, ಮುದ್ದಿಟ್ಟರು. ಹೇಮಾವತಿ ಕೂಸಿನ ಕಿವಿಯಲ್ಲಿ “ರಂಜಿತಾ” ಎಂದು ಉಸುರಿ, ನನ್ನತ್ತ ನೋಡಿ, ಅಳುತ್ತಲೇ ನಕ್ಕಳು. “ನಿಮ್ಮ ಮರವು ನನ್ನ ಮಾನ ಉಳಿಸಿತು ನೋಡ್ರಿ,” ಎಂದಳು ಮೆಲ್ಲಗೆ. ಮದುವೆಯಾದಂದಿನಿಂದ ನನಗೆ ಸಿಕ್ಕ ಮೊದಲ ಪ್ರಶಸ್ತಿ. ಆ ದೇವರಿಗೆ, ಕಳ್ಳರಿಗೆ, ನನ್ನ ಮರೆವಿಗೆ, ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವಾಗ ಕೊಂಡಿಗೆ ಕೈ ಚಾಚಿದೆ. ಅತ್ತೆ ಹೌಹಾರಿದರು. “ಕೂಸಿನ ಅಣ್ಣ ಆಗ್ಯಾನ ಅಂವ! ತೊಟ್ಟಿಲದಾಗ ಮಲಗಿದವನ್ನ ಒಯ್ದು ಗಾಡಿಗೆ ಕಟ್ತೀರೇನು? ಕೂಸು ನಡಿಯೋ ತನಕ ಇಲ್ಲೇ ಇರ್ಲಿ.”

ಮರುವಾರ ಇಬ್ರಾಹಿಂಸಾಬರು ಜೀಪಿಗೆ ಕಾಯಂ ಕೊಂಡಿ ಬೆಸೆಯುತ್ತ ಕೇಳಿದರು: “ಬಿಚ್ಚೋದು ಒಯ್ದಿದ್ರಲ್ಲ, ಏನಾತ್ರಿ ಸಾಹೇಬ್ರ?”

ನಾನು ಬಾಯಿ ತೆರೆಯುವ ಮೊದಲೇ ಹೇಮಾವತಿ ಹೇಳಿದಳು: “ಅಜ್ಜಿ ಮನ್ಯಾಗ ಅದಾನ್ರಿ. ತಂಗಿನ್ನ ಬಿಟ್ಟು ಬರವಲ್ಲ.”